ನಲವತ್ತೆರಡು ಪ್ರಶ್ನೆಗೂ ಕ್ಷೇಮ

9 ಫೆಬ್ರವರಿ

ಪ್ರಿಯ ಸ್ಟೇರಿಂಗ್,

ಕಾಗದದ ಮೊದಲ ಸಾಲಿನಲ್ಲಿ "ಇತ್ತ ಕಡೆ ನಾವೆಲ್ಲ ಕ್ಷೇಮ" ಎಂದು ಬರೆಯಬೇಕೆಂದು ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಸೈನ್ಯ ಬಿಟ್ಟು ಬಂದ ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಸಾಲನ್ನು ಒಮ್ಮೆಯೂ ಬರೆದಿಲ್ಲ. ಸುಳ್ಳಿಗೆ ಶಾಯಿ ದಂಡ. ಫೋನು ಮಾಡಬಾರದೇ ಎಂದು ಗದರಬೇಡ. ಫೋನಿನಲ್ಲಿ ಕೇಳಿದ್ದು ತೂತು ಬಿದ್ದ ಬಕೆಟ್ಟಿನ ನೀರಿನ ಹಾಗೆ ನನ್ನ ತಲೆಯಿಂದ ಇಳಿದುಹೋಗುತ್ತದೆ. ಕಾಗದವಾದರೆ ನಾಲ್ಕು ಸಲ ಓದಬಹುದು.

ಇಲ್ಲಿನ ಸಮಾಚಾರ ಹಳೆಯದೇ. ಬೆಳಿಗ್ಗೆ ಏಳುವಾಗ ಯಾರೋ ಒನಕೆಯಲ್ಲಿ ಕುಟ್ಟಿ ಮಲಗಿಸಿದಂತೆ ಮೈನೋವು. ಹತ್ತು ಮೆಟ್ಟಿಲು ಹತ್ತಿದರೆ ಹನ್ನೊಂದನೆಯದರ ಮೇಲೆ ಕೂರಬೇಕು. ಮೊನ್ನೆ ಅಂಗಡಿಯಲ್ಲಿ ಪಂಪಿನ ವಾಲ್ವು ಬಿಚ್ಚಿ ಕೈಯಲ್ಲಿ ಹಿಡಿದು, ಇದರ ಹೆಸರೇನು ಎಂದು ಅರ್ಧ ಗಂಟೆ ಯೋಚಿಸಿದೆ. ಅಂಗಡಿ ಭಾವನದು, ನನ್ನವಳ ಅಣ್ಣನದು. ನಿನ್ನ ಕಾರ್ಖಾನೆಗೆ ಪಂಪು ಕಳಿಸುವವನೂ ಅವನೇ, ನಿನಗೆ ಅಲ್ಲಿ ಬಸ್ಸಿನ ಕೆಲಸ ಕೊಡಿಸಿದವನೂ ಅವನೇ. ಹೀಗಾಗಿ ನಿನ್ನ ಮೇಲೆ ಅವನಿಗೆ ಬಲು ಅಭಿಮಾನ. ನನ್ನನ್ನು 'ಸುಖಪುರುಷ' ಎಂದು ಕರೆಯುತ್ತಾನೆ. ಗಿರಾಕಿಗಳ ಮುಂದೆ ನಿನ್ನನ್ನು ಎಳೆದು ತರುತ್ತಾನೆ: "ಪಾನಾ ಹಿಡಿದ ಇವನೂ ಸ್ಟೇರಿಂಗ್ ಹಿಡಿದ ಅವನೂ ಒಂದೇ ಡೇರೇಲಿ ಮಲಗಿದವರು, ಒಂದೇ ಹೊಗೆ ಕುಡಿದವರು. ಅವನು ಬಂಡೆ ಥರ ಬಸ್ ಓಡಿಸ್ತಾ ಇಲ್ವಾ?" ನಮ್ಮ ಮನೆಗೆ ಬಂದಾಗಲೂ ಅದೇ ಮಾತು. ಆ ಹೊತ್ತಿಗೆ ನನ್ನವಳಿಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತದೆ.

ಇದು ಸೇವೆಯಲ್ಲಿ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂಬ ನನ್ನ ಅರ್ಜಿಯನ್ನು ಸೈನ್ಯದ ವೈದ್ಯಕೀಯ ಮಂಡಳಿ ಮೂರನೆಯ ಸಲ ಹಿಂದೆ ಕಳಿಸಿತು. ಎಲುಬಿನ ಚಿತ್ರ ಚೆನ್ನ, ರಕ್ತದೊತ್ತಡ ಚೆನ್ನ, ಹೃದಯ ಮದುವೆ ಗಂಡಿನದು. ಇದೆಲ್ಲ ಮನಸ್ಸಿನದು ಎಂದು ಬರೆದಿದ್ದಾರೆ. ಆದರೆ ಈ ಸಲ ಒಂದು ದಾರಿ ಕಂಡಿದೆ. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ನಮ್ಮಂಥ ಮಾಜಿ ಸೈನಿಕರ ರಕ್ತ ಪರೀಕ್ಷೆ ನಡೆಸುತ್ತಿದ್ದಾಳೆ. ಡೇರೆಗಳ ಹಿಂದಿನ ಗುಂಡಿಯಲ್ಲಿ ಟೈರು, ಬ್ಯಾಟರಿ, ಔಷಧ ಎಲ್ಲ ಹಗಲೂ ರಾತ್ರಿ ಉರಿಯುತ್ತಿತ್ತಲ್ಲ, ಆ ಹೊಗೆ ಕುಡಿದವರ ರಕ್ತದಲ್ಲಿ ಏನಾದರೂ ಗುರುತು ಉಳಿದಿದೆಯೇ ಎಂದು ಹುಡುಕುತ್ತಾಳೆ. ಹನ್ನೊಂದು ಬಗೆಯ ಗುರುತುಗಳಂತೆ. ಅವು ಸಿಕ್ಕರೆ ಈ ಕಾಯಿಲೆಗೆ ಒಂದು ಹೆಸರು ಬರುತ್ತದೆ. ನನಗೆ ಬೇಕಾಗಿರುವುದು ಅದು, ಸ್ಟೇರಿಂಗ್. ಔಷಧ ಆಮೇಲೆ ನೋಡೋಣ. ನಾನು ನಾಟಕ ಆಡುತ್ತಿಲ್ಲ ಎಂದು ಒಂದು ಹಾಳೆಯ ಮೇಲೆ ಯಾರಾದರೂ ರುಜು ಹಾಕಬೇಕು.

ಪರೀಕ್ಷೆಗೆ ಜೋಡಿ ಬೇಕು. ಒಬ್ಬ ಕಾಯಿಲೆಯವನಿಗೆ ಒಬ್ಬ ಆರೋಗ್ಯವಂತ. ಅದೇ ದಳ, ಅದೇ ಡೇರೆ, ಹೆಚ್ಚು ಕಡಿಮೆ ಅದೇ ವಯಸ್ಸು. ಇಬ್ಬರ ರಕ್ತದ ನಡುವೆ ಏನು ವ್ಯತ್ಯಾಸವೋ ಅದೇ ಕಾಯಿಲೆ. ನಮ್ಮ ಡೇರೆಯಲ್ಲಿ ಗಟ್ಟಿಯಾಗಿ ಉಳಿದವನು ನೀನೊಬ್ಬ. ಒಂದು ಬೆರಳುದ್ದದ ಕೊಳವೆ ರಕ್ತ ಕೊಡು ಮಾರಾಯ.

ಪಾನಾ


20 ಫೆಬ್ರವರಿ

ಪಾನಾ,

ಇತ್ತ ಕಡೆ ನಾನು ಕ್ಷೇಮ. ಮನೆಯವಳೂ ಕ್ಷೇಮ.

ಕಾಗದ ತಲುಪಿತು. ರಜೆ ಸಿಗುವುದು ಕಷ್ಟ. ಎರಡು ದಿನ ರೈಲಿನಲ್ಲಿ ಕೂರಬೇಕು. ನನ್ನ ರಕ್ತದಲ್ಲಿ ಏನಿದೆ, ಅರ್ಧ ಡೀಸೆಲ್ಲು. ಬೇರೆ ಯಾರನ್ನಾದರೂ ನೋಡು. ಅಡಿಗೆಯವನು ಇನ್ನೂ ಇದ್ದಾನಲ್ಲ.

ಬಸ್ಸು ಚೆನ್ನಾಗಿ ಓಡುತ್ತಿದೆ. ನೀನು ಬಿಸಿನೀರಿನಲ್ಲಿ ಕಾಲಿಡು.

ಸ್ಟೇರಿಂಗ್


1 ಮಾರ್ಚ್

ಪ್ರಿಯ ಸ್ಟೇರಿಂಗ್,

ನಿನ್ನ ಅಕ್ಷರ ನೋಡಿ ನನ್ನವಳು, ಇದೇನು ಕೋಳಿ ಶಾಯಿ ತುಳಿದುಕೊಂಡು ಓಡಿದೆಯೇ ಎಂದಳು. ಓಡುವ ಬಸ್ಸಿನಲ್ಲಿ ಬರೆದಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಇನ್ನು ಮೇಲೆ ನಿಲ್ಲಿಸಿ ಬರಿ.

ಡೇರೆಯ ಲೆಕ್ಕ ನೀನೇ ಹಾಕು. ಆರು ಮಂಚ. ಬಾಗಿಲ ಬಳಿಯ ಇಬ್ಬರು ತೀರಿಕೊಂಡರು. ಉದ್ದಣ್ಣ ಎಲ್ಲಿದ್ದಾನೋ ಅವನ ಹೆಂಡತಿಗೇ ತಿಳಿಯದು. ಅಡಿಗೆಯವನು ಎಂದೆಯಲ್ಲ, ಅವನೂ ನನ್ನ ಹಾಗೆಯೇ, ಗೋಡೆ ಹಿಡಿದು ನಡೆಯುತ್ತಾನೆ. ಉಳಿದದ್ದು ನಾನು, ನೀನು. ಮಾರ್ಚ್ ಮೂವತ್ತೊಂದರೊಳಗೆ ಜೋಡಿ ತೋರಿಸದಿದ್ದರೆ ಪಟ್ಟಿಯಿಂದ ನನ್ನ ಹೆಸರು ಹೊಡೆಯುತ್ತಾರೆ. ಈ ವರ್ಷ ಮುಗಿಯುವುದರೊಳಗೆ ಮಂಡಳಿ ಕಟ್ಟಕಡೆಯ ಸಲ ನನ್ನ ಕಡತ ತೆರೆಯುತ್ತದೆ. ಆಗ ಡಾಕ್ಟರಮ್ಮನ ವರದಿ ಅದರೊಳಗೆ ಇರಬೇಕು. ಇಲ್ಲದಿದ್ದರೆ ಕಡತ ಕಟ್ಟಿ ಮೇಲಿಡುತ್ತಾರೆ, ನಾನು ಸಾಯುವವರೆಗೂ ಸುಖಪುರುಷ.

ಹಾಜರಿ ಸಾಹೇಬನ ನೆನಪಿದೆಯೇ? ಬೆಳಿಗ್ಗೆ ಐದಕ್ಕೆ ಪುಸ್ತಕ ಹಿಡಿದು ಡೇರೆಯ ಮುಂದೆ ನಿಲ್ಲುತ್ತಿದ್ದ. ಬೇರೆ ಡೇರೆಯವರು ಹೆಸರು ಕೂಗಿದರೆ 'ಹಾಜರ್' ಎನ್ನುತ್ತಿದ್ದರು. ನಮ್ಮ ಡೇರೆಯಲ್ಲಿ ಮಾತ್ರ 'ಕ್ಷೇಮ' ಎನ್ನಬೇಕು, ಅದು ಅವನದೇ ಕಾನೂನು. ಕ್ಷೇಮ ಎನ್ನದವನ ಲಾರಿಯನ್ನು ಪಕ್ಕದ ಮಂಚದವನು ಓಡಿಸಬೇಕು, ಅವನು ಆಗ ತಾನೆ ಸರದಿ ಮುಗಿಸಿ ಬಂದಿದ್ದರೂ ಸರಿಯೆ. ಹೀಗಾಗಿ ಜ್ವರ ಬಂದವನೂ ಕ್ಷೇಮ, ವಾಂತಿ ಮಾಡಿ ಬಾಯಿ ಒರೆಸಿಕೊಂಡವನೂ ಕ್ಷೇಮ. ಲೋಕದಲ್ಲಿ ಅಷ್ಟು ಆರೋಗ್ಯವಂತ ಡೇರೆ ಇನ್ನೊಂದಿರಲಿಲ್ಲ. ಒಂದೇ ಒಂದು ದಿನ ನಾನು "ಕ್ಷೇಮ ಇಲ್ಲ ಸಾಹೇಬ್ರೇ" ಅಂದೆ. ಆ ದಿನ ನನ್ನ ದುರಸ್ತಿ ಲಾರಿಯನ್ನು ನೀನು ಓಡಿಸಿದೆ, ಒಂದೂವರೆ ದಿನದಿಂದ ಕಣ್ಣು ಮುಚ್ಚದವನು. ಹಿಂತಿರುಗಿ ಬಂದು ನನ್ನನ್ನು ಬೈಯಲಿಲ್ಲ. ಬೂಟು ಬಿಚ್ಚದೆ ಮಲಗಿದೆ.

ಈಗ ಇನ್ನೊಂದು ಸಲ ಓಡಿಸು ಎಂದು ಕೇಳುತ್ತಿದ್ದೇನೆ.

ಪಾನಾ


15 ಮಾರ್ಚ್

ಪಾನಾ,

ಇತ್ತ ಕಡೆ ನಾನು ಕ್ಷೇಮ. ನಿನ್ನ ಡಾಕ್ಟರಮ್ಮನ ಆಸ್ಪತ್ರೆಗೆ ಹೋಗಿ ಬಂದೆ. ನಿನ್ನ ಮನೆಗೆ ಬರಲು ಹೊತ್ತಾಗಲಿಲ್ಲ, ಅದೇ ದಿನ ರೈಲು ಹಿಡಿದೆ. ಅತ್ತಿಗೆಗೆ ಬೇಸರ ಬೇಡ ಎನ್ನು.

ನಾಲ್ಕನೆಯ ಮಹಡಿ. ಹಸಿರು ಬಣ್ಣದ ಕೋಣೆ, ಗೋಡೆಗೆ ಒರಗಿಸಿದ ಕುರ್ಚಿಗಳು. ಅಲ್ಲಿ ನನ್ನ ಹಾಗೆ ಆರೋಗ್ಯವಂತರೆಂದು ಬಂದವರು ಇನ್ನೂ ನಾಲ್ಕೈದು ಮಂದಿ ಕೂತಿದ್ದರು, ಎಲ್ಲ ಬೇರೆ ಬೇರೆ ದಳದವರು. ಒಬ್ಬ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಬಿಟ್ಟರೆ ಹಾರಿಹೋಗುತ್ತದೆ ಎನ್ನುವ ಹಾಗೆ. ಇನ್ನೊಬ್ಬ ಗೋಡೆಯ ಮೇಲಿನ ಒಂದೇ ಸೂಚನೆಯನ್ನು ನಾಲ್ಕು ಸಲ ಎದ್ದು ಹೋಗಿ ಓದಿದ.

ಒಬ್ಬ ನರ್ಸಮ್ಮ ಕಾಗದ ಹಿಡಿದು ನಲವತ್ತೆರಡು ಪ್ರಶ್ನೆ ಕೇಳಿದಳು. ಆಯಾಸವೇ, ಕೀಲುನೋವೇ, ನಿದ್ದೆ ಕೆಡುವುದೇ, ಮರೆವು ಉಂಟೇ, ಕೈ ನಡುಗುವುದೇ. ನಲವತ್ತೆರಡಕ್ಕೂ ಇಲ್ಲ ಎಂದೆ. "ಒಂದೂ ಇಲ್ವಾ?" ಎಂದಳು. ಒಂದೂ ಇಲ್ಲಮ್ಮ, ಕ್ಷೇಮ ಎಂದೆ. ಆಮೇಲೆ ರುಜು ಹಾಕಿಸಿಕೊಂಡು ರಕ್ತ ತೆಗೆದರು. ಚಹಾ ಕೊಟ್ಟರು. ಲೋಟ ಸೊಟ್ಟಗಿತ್ತು, ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು.

ನಿನ್ನ ಲಾರಿ ಓಡಿಸಿದ್ದೇನೆ. ಸಾಕಲ್ಲ?

ಸ್ಟೇರಿಂಗ್


2 ಏಪ್ರಿಲ್

ಪ್ರಿಯ ಸ್ಟೇರಿಂಗ್,

ನೀನು ನೂರು ವರ್ಷ ಬಾಳು. ನಿನ್ನ ಅಂಗಿಯ ಚಹಾ ಕಲೆಯನ್ನು ನಾನೇ ಬಂದು ಒಗೆಯುತ್ತೇನೆ.

ಡಾಕ್ಟರಮ್ಮ ನನ್ನ ರಕ್ತದ ರೇಖಾಚಿತ್ರ ತೋರಿಸಿದಳು. ಹನ್ನೊಂದು ಗುರುತಿಗೆ ಹನ್ನೊಂದು ಕಂಬಗಳು, ಅದರಲ್ಲಿ ಎಂಟು ಇರಬೇಕಾದ್ದಕ್ಕಿಂತ ಎತ್ತರ. ಅವಳು ಬಿಡಿಸಿ ಹೇಳುವ ಮೊದಲೇ ನನಗೆ ತಿಳಿಯಿತು. ಎಂಜಿನ್ನಿನ ಹಳೆಯ ಎಣ್ಣೆ ಇಳಿಸಿ ಎರಡು ಬೆರಳ ನಡುವೆ ಉಜ್ಜಿದರೆ ಒಳಗೆ ಯಾವುದು ಸವೆಯುತ್ತಿದೆ ಎಂದು ಹೇಳಿಬಿಡಬಹುದು. ತಾಮ್ರದ ಹೊಳಪಿದ್ದರೆ ಬುಷ್, ಕಪ್ಪು ಹುಡಿಯಿದ್ದರೆ ರಿಂಗು. ಮೇಲೆ ಬಣ್ಣ ಹಚ್ಚಿ ತೊಳೆದು ನಿಲ್ಲಿಸಿದ ಗಾಡಿಯೂ ಎಣ್ಣೆಯಲ್ಲಿ ಸುಳ್ಳು ಹೇಳಲಾರದು. ಹಾಗೆಂದು ಅವಳಿಗೆ ಹೇಳಿದೆ. ಅವಳು ನಕ್ಕು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಇನ್ನು ಜೋಡಿಗಳ ರೇಖೆ ಬರಬೇಕು. ನಿನ್ನವು ಗಿಡ್ಡವಾಗಿದ್ದರೆ ಕೆಲಸ ಆದ ಹಾಗೆಯೇ ಎಂದಳು. ನಿನ್ನವು ಗಿಡ್ಡವಿರದೆ ಏನು, ನೀನು ಹುಟ್ಟಾ ಗಿಡ್ಡ.

ಮನೆಗೆ ಬಂದು ನನ್ನವಳಿಗೆ ಕಂಬಗಳನ್ನು ಗೀಚಿ ತೋರಿಸಿದೆ. ಎತ್ತರದ ಎಂಟು ಕಂಬಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ, "ಹಾಗಾದ್ರೆ ಇಷ್ಟು ವರ್ಷ ನಿಮಗೆ ನಿಜವಾಗ್ಲೂ ನೋಯ್ತಾ ಇತ್ತಾ?" ಎಂದಳು. ನಾನು ತಲೆಯಾಡಿಸಿದೆ. ಅಂದು ಸಂಜೆ ಅಣ್ಣನ ಅಂಗಡಿಗೆ ಹೋಗಿ, ಇನ್ನು ಮೇಲೆ ಅವರನ್ನು ಹಾಗೆ ಕರೆಯಬೇಡ ಎಂದು ಹೇಳಿ ಬಂದಳಂತೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಅವಳು ನನ್ನ ಪರವಾಗಿ ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು.

ಪಾನಾ


27 ಆಗಸ್ಟ್

ಪಾನಾ,

ಇತ್ತ ಕಡೆ ನಾನು ಕ್ಷೇಮ. ಐದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ರಕ್ತದ ಫಲ ಬಂತೇ?

ನನಗೆ ಬಡ್ತಿ ಸಿಕ್ಕಿದೆ. ಬಸ್ಸು ಬಿಟ್ಟು ಈಗ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತೇನೆ. ಸ್ಟೂಲು, ಫ್ಯಾನು, ಕೈಗೊಂದು ಸೀಟಿ. ನಿನ್ನ ಭಾವನಿಗೆ ತಿಳಿಸುವ ಅಗತ್ಯವಿಲ್ಲ, ಅವನು ಬಂದಾಗ ನಾನೇ ಹೇಳುತ್ತೇನೆ.

ಫಲ ಬಂದರೆ ಬರಿ. ಬಾರದಿದ್ದರೂ ಬರಿ.

ಸ್ಟೇರಿಂಗ್


11 ನವೆಂಬರ್

ಪ್ರಿಯ ಸ್ಟೇರಿಂಗ್,

ಈ ಕಾಗದವನ್ನು ಮೂರು ವಾರದಿಂದ ಬರೆಯುತ್ತಿದ್ದೇನೆ.

ಫಲ ಬಂತು. ನಾನೂ ನೀನೂ ಏಳನೆಯ ಜೋಡಿ. ವರದಿಯ ಸಾಲು ಬಾಯಿಪಾಠವಾಗಿದೆ, ಅದೊಂದು ಮಾತ್ರ ಬಕೆಟ್ಟಿನಿಂದ ಸೋರಿಲ್ಲ: "ಜೋಡಿ ಏಳು: ರೋಗಿ ಮತ್ತು ಆರೋಗ್ಯವಂತನ ನಡುವೆ ವ್ಯತ್ಯಾಸ ಕಂಡುಬಂದಿಲ್ಲ." ನನ್ನ ಎಂಟು ಕಂಬ ಎಷ್ಟು ಎತ್ತರವೋ ನಿನ್ನವೂ ಅಷ್ಟೇ ಎತ್ತರ. ಒಂದರಲ್ಲಿ ನೀನೇ ಹೆಚ್ಚು.

ನಮ್ಮಿಬ್ಬರದು ಮಾತ್ರವಲ್ಲ. ಹದಿನಾಲ್ಕು ಜೋಡಿಯಲ್ಲಿ ಐದು ಹೀಗೆಯೇ ಆಗಿದೆ. ಡಾಕ್ಟರಮ್ಮ ನನ್ನನ್ನು ಕರೆಸಿ ಕೂರಿಸಿ ಹೇಳಿದಳು. "ಕಾಯಿಲೆ ಇರೋರಲ್ಲೂ ಇದೆ, ಇಲ್ದೇ ಇರೋರಲ್ಲೂ ಇದೆ. ಇದೇ ಕಾಯಿಲೆಯ ಗುರುತು ಅಂತ ನಾನು ಹೇಗೆ ಬರೀಲಿ, ನೀವೇ ಹೇಳಿ." ಪರೀಕ್ಷೆಯನ್ನು ಮುಂದುವರಿಸಲು ಮೇಲಿನವರು ಒಪ್ಪಲಿಲ್ಲವಂತೆ. ಹಸಿರು ಕೋಣೆಯಲ್ಲಿ ಈಗ ಬೇರೆ ಯಾವುದೋ ವಿಭಾಗದ ಕಪಾಟುಗಳನ್ನು ತಂದಿಟ್ಟಿದ್ದಾರೆ. ಎದ್ದು ಬರುವಾಗ, ನೀವು ಹೇಳಿದ ಎಣ್ಣೆಯ ಮಾತು ನನಗೆ ಬಹಳ ಹಿಡಿಸಿತ್ತು ಎಂದಳು. ಒಳ್ಳೆಯ ಹೆಂಗಸು.

ಮಂಡಳಿ ಹೋದ ತಿಂಗಳು ಕಡತ ತೆರೆಯಿತು. ವರದಿ ಅದರೊಳಗೇ ಇತ್ತು. ನಾನೇ ಓಡಾಡಿ ಹಾಕಿಸಿದ್ದೆ. ಅದನ್ನೇ ಓದಿ ಹೇಳಿದರು: ಒಂದೇ ಡೇರೆಯ ಆರೋಗ್ಯವಂತ ಸಹೋದ್ಯೋಗಿಯ ರಕ್ತವೂ ಹೀಗೆಯೇ ಇರುವುದರಿಂದ ಅರ್ಜಿದಾರನಿಗೆ ಕಾಯಿಲೆ ಇದೆಯೆನ್ನಲು ಆಧಾರವಿಲ್ಲ. ಮೊದಲಾದರೆ ಮನಸ್ಸಿನದು ಎನ್ನುತ್ತಿದ್ದರು. ಈಗ ಇಲ್ಲ ಎಂದೇ ಬರೆದು ಮುದ್ರೆ ಒತ್ತಿದ್ದಾರೆ. ಇನ್ನು ಅದನ್ನು ತೆರೆಯುವ ಹಾಗಿಲ್ಲ.

ನನ್ನವಳು ಆ ಹಾಳೆಯನ್ನು ಓದಿ ಮಡಚಿ, ನಾನು ಗೀಚಿದ ಕಂಬಗಳ ಚೀಟಿಯ ಜೊತೆ ಡಬ್ಬಿಯಲ್ಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಭಾವ ಈಗ ನನ್ನನ್ನು ಸುಖಪುರುಷ ಎನ್ನುವುದಿಲ್ಲ. ಗಿರಾಕಿಗಳಿಗೆ "ಇವರ ಹತ್ರ ಸರ್ಕಾರದ ಸರ್ಟಿಫಿಕೇಟ್ ಇದೆ, ಏನೂ ಇಲ್ಲ ಅಂತ" ಎನ್ನುತ್ತಾನೆ.

ನಿನ್ನೊಬ್ಬನಿಗೆ ಒಂದು ಮಾತು. ಕೆಲವು ದಿನದಿಂದ ನನಗೂ ಅನುಮಾನ ಹತ್ತಿದೆ. ನಿನ್ನ ರಕ್ತ ನನ್ನ ರಕ್ತ ಒಂದೇ. ನೀನು ಗಟ್ಟಿಯಾಗಿದ್ದೀಯೆ. ಹಾಗಾದರೆ ನನ್ನಲ್ಲಿ ನೋಯುವುದು ಏನು? ಬೆಳಿಗ್ಗೆ ಏಳುವಾಗ, ಎದ್ದೇಳೋ ಕಳ್ಳ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಏಳಲಾಗುವುದಿಲ್ಲ. ಆಗ, ಎಷ್ಟು ಚೆನ್ನಾಗಿ ಆಡುತ್ತೀಯೋ ಎಂದುಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಲೋಕ ನನ್ನನ್ನು ನಂಬಲಿಲ್ಲ, ನಾನಾದರೂ ನಂಬಿದ್ದೆ.

ಪಾನಾ


30 ನವೆಂಬರ್

ಪಾನಾ,

ನಾನು ಕ್ಷೇಮವಾಗಿಲ್ಲ.

ಈ ಒಂದು ಸಾಲು ಬರೆಯಲು ನಾಲ್ಕು ಹಾಳೆ ಹಾಳಾಯಿತು. ಅಕ್ಷರ ಓದಲು ಬಾರದಿದ್ದರೆ ಕ್ಷಮಿಸು, ಬಸ್ಸು ನಿಂತೇ ಇದೆ. ನಡುಗುವುದು ಕೈ.

ಆರು ವರ್ಷವಾಯಿತು. ಮೊದಲು ಎಡಗೈ, ಆಮೇಲೆ ಬಲ. ಅಂಗಿಯ ಗುಂಡಿಗಳನ್ನು ಮನೆಯವಳು ಹಾಕುತ್ತಾಳೆ. ವಯಸ್ಸಾಯಿತು ಎಂದು ತಿಳಿದಿದ್ದಾಳೆ. ಮೈನೋವು ನೀನು ಬರೆದ ಹಾಗೆಯೇ. ನಿನ್ನ ಕಾಗದ ಓದುವಾಗೆಲ್ಲ ನನ್ನದನ್ನೇ ಯಾರೋ ನಕಲು ಮಾಡಿದ್ದಾರೆ ಅನ್ನಿಸುತ್ತಿತ್ತು. ಬಡ್ತಿ ಎಂದದ್ದು ಸುಳ್ಳು. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಬಸ್ಸಿನ ತುಂಬ ಜನ, ಹನ್ನೊಂದು ವರ್ಷದಿಂದ ತಿರುಗುತ್ತಿದ್ದ ಕೂಡುರಸ್ತೆಯಲ್ಲಿ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಹಿಂದೆ ಹಾರನ್ನುಗಳು. ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು ಕೂರುತ್ತಿದ್ದಳು. ಬಗ್ಗಿ ಮೆಲ್ಲಗೆ "ಅಣ್ಣಾ, ಎಡಕ್ಕೆ" ಎಂದಳು. ಮರುದಿನದಿಂದ ಪ್ರತಿ ತಿರುವಿನಲ್ಲೂ ಹೇಳತೊಡಗಿದಳು. ಒಂದು ತಿಂಗಳು ಅವಳ ಮಾತಿನ ಮೇಲೆ ಬಸ್ಸು ಓಡಿಸಿದೆ. ಯಾರಿಗೂ ಹೇಳಲಿಲ್ಲ ಪುಣ್ಯಾತ್ಮಳು. ಆಮೇಲೆ ನಾನೇ, ಕಣ್ಣು ಮಂಜು ಎಂದು ಹೇಳಿ ಗೇಟಿನ ಕೆಲಸ ಕೇಳಿ ಪಡೆದೆ.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯೆ. ನೀನು ಬೇಡಿದ್ದು ಆರೋಗ್ಯವಂತನ ರಕ್ತ. ನಾನೂ ರೋಗಿ ಎಂದರೆ ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತಿತ್ತು. ಒಂದು ಸುಳ್ಳು ಹೇಳಿ ನಿನ್ನ ಹೆಸರು ಉಳಿಸೋಣ ಎಂದುಕೊಂಡೆ. ರಕ್ತ ತನ್ನದೇ ಮಾತಾಡುತ್ತದೆ ಎಂದು ಈ ದಡ್ಡತಲೆಗೆ ಹೊಳೆಯಲಿಲ್ಲ. ನಿನ್ನ ಎಣ್ಣೆಯ ಕಾಗದ ಬಂದ ದಿನ ಹೊಳೆಯಿತು. ಅವತ್ತೇ ಬರೆಯಬೇಕಿತ್ತು. ಬರೆಯಲಿಲ್ಲ. ಅತ್ತಿಗೆ ಹೊಸ್ತಿಲು ದಾಟಿದ್ದನ್ನು ಓದಿದ ಮೇಲೆ ಹೇಗೆ ಬರೆಯಲಿ?

ಅದೂ ಪೂರ್ತಿ ನಿಜವಲ್ಲ. ಆ ನರ್ಸಮ್ಮ ಕಾಗದ ಹಿಡಿದು ಎದುರಿಗೆ ನಿಂತಳಲ್ಲ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಬಾಯಿ ತಾನಾಗಿ ಹೇಳಿತು. ನಲವತ್ತೆರಡು ಸಲ. ಆ ಕೋಣೆಯಲ್ಲಿ ಲೋಟವನ್ನು ಎರಡು ಕೈಯಲ್ಲಿ ಹಿಡಿದವನಿದ್ದನಲ್ಲ, ಅವನೂ ನನ್ನ ಹಿಂದೆಯೇ ಒಳಗೆ ಹೋಗಿ ಅದನ್ನೇ ಹೇಳಿದ. ಬಾಗಿಲು ತೆರೆದಿತ್ತು, ಕೇಳಿಸಿತು. ಐದು ಜೋಡಿ ಎಂದು ನೀನು ಬರೆದದ್ದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಡಾಕ್ಟರಮ್ಮನ ಬಳಿಗೆ ಹೋಗಿದ್ದೆ. ಎಲ್ಲ ಒಪ್ಪಿಕೊಂಡೆ. ಅವಳು ನನ್ನ ನಲವತ್ತೆರಡು ಉತ್ತರದ ಹಾಳೆ ತೆಗೆದು ಮತ್ತೆ ಓದಿದಳು. ಫಲ ಗೊತ್ತಾದ ಮೇಲೆ ಬದಲಿಸಿದ ಹೇಳಿಕೆಯನ್ನು ಯಾರೂ ಒಪ್ಪುವುದಿಲ್ಲವಂತೆ. ಒಪ್ಪಿದರೆ ಎಲ್ಲರೂ ತಮಗೆ ಬೇಕಾದ ಫಲ ಬರುವವರೆಗೆ ಹೇಳಿಕೆ ಬದಲಿಸುತ್ತಾರಂತೆ. ಮತ್ತೆ ರಕ್ತ ತೆಗೆಯಿರಿ ಎಂದೆ. ಪರೀಕ್ಷೆಯೇ ಇಲ್ಲ, ಯಾವುದಕ್ಕೆ ತೆಗೆಯಲಿ ಎಂದಳು. ಹಳೆಯ ಕೊಳವೆಗಳನ್ನು ನಿಯಮದ ಪ್ರಕಾರ ಸುಟ್ಟಾಗಿದೆ. ಕೊನೆಗೆ ಒಂದೇ ಒಂದು ಕೇಳಿದಳು. "ಅವತ್ತು ಒಂದೇ ಒಂದು ಪ್ರಶ್ನೆಗಾದ್ರೂ ಹೌದು ಅನ್ನಬಾರ್ದಿತ್ತಾ?"

ನೀನು ಕಳ್ಳನಲ್ಲ ಪಾನಾ. ನಿನ್ನದು ನಿಜವಾದ ಕಾಯಿಲೆ. ನನಗೆ ಗೊತ್ತು, ನನಗೂ ಅದೇ ಇದೆ. ನೀನು ಹೇಳಿದರೆ ಮಂಡಳಿಗೆ ಬರೆದು ಕೊಡುತ್ತೇನೆ, ನಿನ್ನ ಭಾವನಿಗೂ ಹೇಳುತ್ತೇನೆ. ಗೇಟಿನ ಸ್ಟೂಲು ಹೋದರೆ ಹೋಗಲಿ. ಈ ಕಾಗದವನ್ನು ಅತ್ತಿಗೆಗೆ ತೋರಿಸು.

ಸ್ಟೇರಿಂಗ್


14 ಜನವರಿ

ಪ್ರಿಯ ಸ್ಟೇರಿಂಗ್,

ಇತ್ತ ಕಡೆ ನಾವೆಲ್ಲ ಕ್ಷೇಮ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಓದಿದಾಗ ಹುಚ್ಚನ ಹಾಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನನಗೆ ಕಾಯಿಲೆ ಇದೆ, ನಿಜವಾಗಿಯೂ ಇದೆ ಎಂದು ಒಬ್ಬನೇ ನಕ್ಕೆ. ಆಮೇಲೆ ನಿನ್ನ ಕೈಯ ನೆನಪಾಯಿತು. ಬೈಯೋಣವೆಂದು ಒಂದು ಹಾಳೆ ತೆಗೆದುಕೊಂಡೆ. ಬೈಗುಳ ಬರಲಿಲ್ಲ, ಯಾರನ್ನು ಬೈಯುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ಕಾಗದ ಹಿಡಿದು ನನ್ನವಳನ್ನು ಕೂಗಿದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಅವಳು ಓದಿದರೆ ನಂಬುತ್ತಾಳೆ, ಅದು ನನಗೆ ಗೊತ್ತು. ನಂಬಿದರೆ ಆ ಕ್ಷಣವೇ ಅಣ್ಣನ ಅಂಗಡಿಗೆ ಹೋಗುತ್ತಾಳೆ, ಹೋದ ಸಲ ಹೋದ ಹಾಗೆ. ಅಣ್ಣ ಸಂಜೆಯೊಳಗೆ ನಿನ್ನ ಕಾರ್ಖಾನೆಗೆ ಫೋನು ಮಾಡುತ್ತಾನೆ, ತಾನು ಕೊಡಿಸಿದ ಆಳು ದಾರಿ ಮರೆತು ಜನ ತುಂಬಿದ ಬಸ್ಸು ಓಡಿಸಿದನೆಂದು. ನಿನ್ನ ಸ್ಟೂಲು ಹೋಗುತ್ತದೆ, ಸ್ಟೂಲಿನ ಜೊತೆ ನೀನಿರುವ ಕಾರ್ಖಾನೆಯ ಮನೆಯೂ. ನನ್ನ ಕಡತ ಮಾತ್ರ ತೆರೆಯುವುದಿಲ್ಲ.

"ಏನಂತೆ?" ಎಂದಳು.

"ಕ್ಷೇಮವಂತೆ" ಎಂದೆ.

"ಇದ್ದೇ ಇರ್ತಾರೆ ಬಿಡಿ, ಅವರಿಗೇನು" ಎಂದು ಒಳಗೆ ಹೋದಳು. ಅವಳು ಮಾರುಕಟ್ಟೆಗೆ ಹೋದಾಗ ಕಾಗದವನ್ನು ಒಲೆಗೆ ಹಾಕಿದೆ.

ಮಂಡಳಿಗೆ ಏನೂ ಬರೆಯಬೇಡ. ಅಂದು ನನ್ನ ಲಾರಿಯನ್ನು ನೀನು ಓಡಿಸಿದೆ. ಈಗ ಪಕ್ಕದ ಮಂಚದವನು ನಾನು.

ಅತ್ತ ಕಡೆ ನಿನ್ನ ಕ್ಷೇಮದ ಬಗ್ಗೆ ಆಗಾಗ ಬರೆಯುತ್ತಿರು. ನಾಲ್ಕು ಜನರ ಮುಂದೆ ಓದುವ ಹಾಗಿರಲಿ.

ಪಾನಾ